ಲಾಗಿನ್ ಪಾಸ್‌ವರ್ಡ್ ಇದ್ದರೆ ಕಡತಗಳು ಭದ್ರವೇ?

ಪ್ರಶ್ನೆ: ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಶರಾವತಿ ಮುಳುಗಡೆ ಕಾಲದ ಅಜ್ಜನ ಕಾಗದಪತ್ರಗಳ ಸ್ಕ್ಯಾನ್, ಕ್ರಯಪತ್ರ, ಅಪ್ಪನ ಉಯಿಲು, ಸೊಸೈಟಿ ಮತ್ತು ಬ್ಯಾಂಕಿನ ಲೆಕ್ಕ, ಎಲ್ಲರ ಆಧಾರ್ ಪ್ರತಿ ಇವೆ. ಲಾಗಿನ್ ಪಾಸ್‌ವರ್ಡ್ ಹಾಕಿದ್ದೇನೆ, ಫೋಲ್ಡರನ್ನು ಹಿಡನ್ ಮಾಡಿದ್ದೇನೆ. ಈಗ ಹಿಂಜ್ ಮುರಿದು ಸಾಗರದ ಅಂಗಡಿಗೆ ರಿಪೇರಿಗೆ ಕೊಡಬೇಕಾಗಿದೆ. ಇಷ್ಟು ಭದ್ರತೆ ಸಾಕೇ, ಎನ್‌ಕ್ರಿಪ್ಟ್ ಮಾಡಬೇಕೇ? ಮಾಡುವುದಾದರೆ ಒಂದು ಫೋಲ್ಡರಿಗೋ, ಇಡೀ ಡಿಸ್ಕಿಗೋ? ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಆ ಆಯ್ಕೆ ನಮ್ಮಲ್ಲಿ ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ಮಾಡಿದ ಮೇಲೆ ನಮಗೇ ತೆರೆಯಲು ಬಾರದಂತೆ ಆಗಿಬಿಟ್ಟರೆ?
— ಓದುಗರು, ವರದಹಳ್ಳಿ, ಸಾಗರ ತಾಲ್ಲೂಕು

ಉತ್ತರ: ಪ್ರಶ್ನೆಯನ್ನು ಸರಿಯಾದ ಸಮಯಕ್ಕೇ ಕೇಳಿದ್ದೀರಿ. ಲ್ಯಾಪ್‌ಟಾಪ್ ಅಂಗಡಿಗೆ ಹೋದ ಮೇಲೆ ಈ ಯೋಚನೆ ಬಂದರೆ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ನೀವು ಕೇಳಿರುವುದರಲ್ಲಿ ಮೂರು ಸಂದೇಹಗಳಿವೆ. ಈಗಿರುವ ಭದ್ರತೆ ಸಾಕೇ, ಬೀಗ ಹಾಕುವುದಾದರೆ ಎಷ್ಟಕ್ಕೆ ಹಾಕಬೇಕು, ಕೀಲಿ ಕಳೆದರೆ ಗತಿಯೇನು. ಮೂರನೆಯದನ್ನು ಅನೇಕರು ಕೇಳುವುದೇ ಇಲ್ಲ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಮೊದಲನೆಯದಕ್ಕೆ ಉತ್ತರ: ಎನ್‌ಕ್ರಿಪ್ಷನ್ ಇಲ್ಲದಿದ್ದರೆ ಲಾಗಿನ್ ಪಾಸ್‌ವರ್ಡ್ ಒಂದೇ ಸಾಲದು. ಈ ಎರಡೂ ಒಂದೇ ಎಂದು ತಿಳಿಯುವುದು ತೀರ ಸಹಜ, ಎರಡರಲ್ಲೂ ನಾವು ಪಾಸ್‌ವರ್ಡನ್ನೇ ಒತ್ತುತ್ತೇವಲ್ಲ. ಆದರೆ ಲಾಗಿನ್ ಪಾಸ್‌ವರ್ಡನ್ನು ಕೇಳುವುದು ವಿಂಡೋಸ್. ಡಿಸ್ಕಿನ ಮೇಲಿರುವ ಅಕ್ಷರಗಳಿಗೆ ಆ ಪಾಸ್‌ವರ್ಡ್ ಏನನ್ನೂ ಮಾಡಿರುವುದಿಲ್ಲ. ಡಿಸ್ಕನ್ನು ಬಿಚ್ಚಿ, ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಕೇಸಿನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ನಿಮ್ಮ ವಿಂಡೋಸ್ ಏಳುವುದೇ ಇಲ್ಲ, ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ. ಎಲ್ಲ ಫೋಲ್ಡರುಗಳೂ ಮಾಮೂಲಿ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತವೆ. ಹಾಳಾದ ಕಂಪ್ಯೂಟರಿನಿಂದ ದತ್ತಾಂಶ ತೆಗೆದುಕೊಡುವ ಅಂಗಡಿಯವರು ದಿನವೂ ಮಾಡುವ ಪ್ರಾಮಾಣಿಕ ಕೆಲಸವೇ ಇದು. ಹಿಡನ್ ಫೋಲ್ಡರ್ ಇನ್ನೂ ದುರ್ಬಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಒಂದು ಗುರುತು ಹಾಕಿದರೆ ಅದು ಎಲ್ಲರಿಗೂ ಕಾಣುತ್ತದೆ.

ಎನ್‌ಕ್ರಿಪ್ಷನ್, ಅಂದರೆ ಗೂಢಲಿಪೀಕರಣ, ಡಿಸ್ಕಿನ ಮೇಲಿರುವ ಮಾಹಿತಿಯನ್ನೇ ಬದಲಿಸುತ್ತದೆ. ಒಂದು ಕೀಲಿಯನ್ನು, ಎಂದರೆ ಒಂದು ಬಹು ದೊಡ್ಡ ಸಂಖ್ಯೆಯನ್ನು, ಬಳಸಿಕೊಂಡು ಗೊತ್ತಾದ ಗಣಿತದ ಕ್ರಮದಲ್ಲಿ ಪ್ರತಿಯೊಂದು ತುಣುಕನ್ನೂ ಕಲಸಿ ಬರೆಯುತ್ತದೆ. ಇಂದು ಹೆಚ್ಚಿನ ಕಡೆ ಬಳಕೆಯಲ್ಲಿರುವ ಕ್ರಮದ ಹೆಸರು ಎಇಎಸ್. ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ್ದನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿತು. ಇದರಲ್ಲಿ ಗುಟ್ಟಿನ ಸೂತ್ರವೆಂಬುದಿಲ್ಲ, ಪೂರ್ತಿ ವಿಧಾನ ಎಲ್ಲರಿಗೂ ಓದಲು ಸಿಗುತ್ತದೆ. ಗುಟ್ಟಾಗಿರುವುದು ಕೀಲಿ ಮಾತ್ರ. 128 ಬಿಟ್‌ನ ಕೀಲಿಯಲ್ಲಿ ಇರಬಹುದಾದ ಸಾಧ್ಯತೆಗಳನ್ನು ಎಣಿಸಿದರೆ 39 ಅಂಕಿಗಳ ಸಂಖ್ಯೆ ಬರುತ್ತದೆ, 256 ಬಿಟ್‌ನದಾದರೆ 78 ಅಂಕಿ. ಒಂದೊಂದಾಗಿ ಪ್ರಯತ್ನಿಸಿ ತೆರೆಯುವುದು ಯಾವ ಕಂಪ್ಯೂಟರಿಗೂ ಆಗದ ಮಾತು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಮುಂದೆ ಹೋಗೋಣ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಕಾಣುವುದನ್ನು ನೀವೂ ನೋಡಿರಬಹುದು. "ಇದು ಎನ್‌ಕ್ರಿಪ್ಟ್ ಆಗಿದೆ" ಎಂದು ಹೇಳುವವರಿದ್ದಾರೆ. ಅದು ಎನ್‌ಕ್ರಿಪ್ಷನ್ ಅಲ್ಲ. ನಿಮಗೆ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ನಮ್ಮಲ್ಲಿ ಹೆಚ್ಚಿನವರಿಗೆ ಅದರ ಒಂದಕ್ಷರವೂ ತಿಳಿಯದು. ಹಾಗೆಂದು ಬರೆದವರು ಅದನ್ನು ಮುಚ್ಚಿಟ್ಟರು ಎನ್ನಲಾಗುವುದಿಲ್ಲ. ಲಿಪಿ ಕಲಿತ ಯಾರಾದರೂ ಅದನ್ನು ಓದುತ್ತಾರೆ, ಕಲಿತ ಮೇಲೆ ಎಲ್ಲ ಗರಿಗಳನ್ನೂ ಓದುತ್ತಾರೆ. ನುಡಿಯ ಕಡತವೂ ಹಾಗೆಯೇ, ಫಾಂಟ್ ಹಾಕಿದ ಕೂಡಲೇ ಸರಿಹೋಗುತ್ತದೆ. ಎನ್‌ಕ್ರಿಪ್ಟ್ ಆದ ಕಡತದಲ್ಲಿ ಹಾಗಿಲ್ಲ. ವಿಧಾನ ಪೂರ್ತಿ ತಿಳಿದ ಪಂಡಿತರಿಗೂ ಆ ಒಂದು ಕಡತದ ಆ ಒಂದು ಕೀಲಿ ಇಲ್ಲದೆ ಏನೂ ದಕ್ಕುವುದಿಲ್ಲ. ಓದಲಾಗದ್ದೆಲ್ಲ ಭದ್ರವಲ್ಲ ಎಂಬುದು ಇದರಿಂದ ಸ್ಪಷ್ಟವಾದರೆ ಸಾಕು.

ಈಗ ಎರಡನೆಯ ಸಂದೇಹ: ಫೋಲ್ಡರೋ, ಡಿಸ್ಕೋ? ನಾನು ಇಡೀ ಡಿಸ್ಕನ್ನೇ ಶಿಫಾರಸು ಮಾಡುತ್ತೇನೆ. ಕಾರಣ ಹೀಗಿದೆ. ನೀವು ಉಯಿಲಿನ ಕಡತವೊಂದನ್ನೇ ಎನ್‌ಕ್ರಿಪ್ಟ್ ಮಾಡಿ ಮೂಲವನ್ನು ಅಳಿಸಿದಿರಿ ಎನ್ನಿ. ಅಳಿಸಿದ ಕಡತ ಡಿಸ್ಕಿನಿಂದ ಕೂಡಲೇ ಹೋಗುವುದಿಲ್ಲ. ಅದರ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ, ಅಷ್ಟೇ. ಮೇಲೆ ಬೇರೇನಾದರೂ ಬರೆಯುವವರೆಗೆ, ವಿಶೇಷವಾಗಿ ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಅದನ್ನು ಮರಳಿ ಪಡೆಯುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಅಲ್ಲದೆ ವರ್ಡ್ ತಾನಾಗಿ ಉಳಿಸಿದ ತಾತ್ಕಾಲಿಕ ಪ್ರತಿಗಳು, ಚಿತ್ರಗಳ ಕಿರುರೂಪಗಳು, ಡೌನ್‌ಲೋಡ್ ಫೋಲ್ಡರಿನಲ್ಲಿ ಮರೆತ ಪಿಡಿಎಫ್, ವಾಟ್ಸ್‌ಆ್ಯಪ್‌ನಿಂದ ಇಳಿದ ಇನ್ನೊಂದು ಪ್ರತಿ ಎಲ್ಲವೂ ಅಲ್ಲಲ್ಲಿ ಉಳಿದಿರುತ್ತವೆ. ಇವನ್ನೆಲ್ಲ ಹುಡುಕಿ ಮುಗಿಸುವುದು ಯಾರಿಂದಲೂ ಆಗದು. ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ನೀವು ಮರೆತದ್ದೂ ಅದರೊಳಗೇ ಸೇರುತ್ತದೆ. ವೇಗ ತಗ್ಗೀತೆಂಬ ಹೆದರಿಕೆಯೂ ಬೇಡ. ಸುಮಾರು 2010ರಿಂದೀಚೆಗೆ ಎಇಎಸ್ ಲೆಕ್ಕಕ್ಕೆಂದೇ ಪ್ರತ್ಯೇಕ ಆದೇಶಗಳು ಪ್ರೊಸೆಸರುಗಳಲ್ಲಿ ಬರತೊಡಗಿವೆ, ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ.

ಮಸುಕಾಗಿ ಕಾಣುವ ಆ ಆಯ್ಕೆಯ ವಿಷಯ. ಅದು ಇಎಫ್‌ಎಸ್ ಎಂಬ, ವಿಂಡೋಸ್ 2000ದಿಂದ ಇರುವ ಸೌಲಭ್ಯ. ಹೋಮ್ ಆವೃತ್ತಿಯಲ್ಲಿ ಅದನ್ನು ಕೊಟ್ಟಿಲ್ಲ, ಆದ್ದರಿಂದ ಮಸುಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನೂ ಕೆಟ್ಟಿಲ್ಲ. ಆ ಆಯ್ಕೆ ಇಲ್ಲದಿರುವುದರಿಂದ ನಷ್ಟವೂ ಇಲ್ಲ. ಅದರ ಕೀಲಿ ಬಳಕೆದಾರರ ಖಾತೆಗೆ ಅಂಟಿಕೊಂಡಿರುತ್ತದೆ. ಕೀಲಿಯ ಪ್ರತಿ ತೆಗೆದಿಡದೆ ವಿಂಡೋಸನ್ನು ಹೊಸದಾಗಿ ಹಾಕಿಸಿ ಕಡತಗಳನ್ನು ಶಾಶ್ವತವಾಗಿ ಕಳೆದುಕೊಂಡವರು ಬಹಳ.

ನೀವು ಮಾಡಬೇಕಾದದ್ದು ಇಷ್ಟು. ಸೆಟ್ಟಿಂಗ್ಸ್ ತೆರೆದು ಪ್ರೈವಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ. ಅಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂದಿದೆಯೇ ನೋಡಿ. ಪ್ರೊ ಆವೃತ್ತಿಯಾದರೆ ಇದೇ ಕೆಲಸಕ್ಕೆ ಬಿಟ್‌ಲಾಕರ್ ಎಂಬ ಹೆಸರಿನಲ್ಲಿ ಇನ್ನೂ ಕೆಲವು ಅನುಕೂಲಗಳಿವೆ. ಅಲ್ಲಿ ಹಳೆಯ ಡಿಸ್ಕಿಗೆ "ಬಳಸಿದ ಜಾಗ ಮಾತ್ರ" ಎಂಬುದನ್ನು ಬಿಟ್ಟು ಪೂರ್ತಿ ಡಿಸ್ಕನ್ನೇ ಆರಿಸಿ, ಅಳಿಸಿದ ಕಡತಗಳ ಶೇಷವೂ ಮುಚ್ಚಿಹೋಗುತ್ತದೆ. ಇದಕ್ಕೆ ನೆರವಾಗುವುದು ಮದರ್‌ಬೋರ್ಡಿನಲ್ಲಿರುವ ಟಿಪಿಎಂ ಎಂಬ ಚಿಪ್. ಕಂಪ್ಯೂಟರ್ ಎಂದಿನಂತೆ ಆರಂಭವಾದಾಗ ಮಾತ್ರ ಅದು ಕೀಲಿಯನ್ನು ಬಿಟ್ಟುಕೊಡುತ್ತದೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಕೊಡುವುದಿಲ್ಲ. ಹೀಗಾದ ಮೇಲೆ ನಿಮ್ಮ ಲಾಗಿನ್ ಪಾಸ್‌ವರ್ಡಿಗೆ ನಿಜವಾದ ಬಲ ಬರುತ್ತದೆ, ಅದನ್ನು ತಪ್ಪಿಸಿ ಹೋಗುವ ಹಿಂದಿನ ದಾರಿ ಮುಚ್ಚಿತಲ್ಲ. ಮ್ಯಾಕ್ ಇರುವವರು ಫೈಲ್‌ವಾಲ್ಟ್ ಆನ್ ಮಾಡಿದರಾಯಿತು. ಉಬುಂಟು ಮೊದಲಾದ ಲಿನಕ್ಸ್‌ಗಳಲ್ಲಿ ಸ್ಥಾಪಿಸುವಾಗಲೇ ಈ ಆಯ್ಕೆ ಕೇಳುತ್ತಾರೆ.

ಸೆಟ್ಟಿಂಗ್ಸ್‌ನಲ್ಲಿ ನೋಡಿದಾಗ ಅದು ಈಗಾಗಲೇ ಆನ್ ಆಗಿದ್ದರೆ ಆಶ್ಚರ್ಯಪಡಬೇಡಿ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆ ಕೊಟ್ಟು ಹೊಸದಾಗಿ ಸಿದ್ಧಪಡಿಸಿದ ಕಂಪ್ಯೂಟರುಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಸಾಮಾನ್ಯವಾಗಿ ತಾನಾಗಿಯೇ ಆರಂಭವಾಗುತ್ತದೆ. ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ. ನಿಮ್ಮ ಮೂರನೆಯ ಸಂದೇಹ ಇಲ್ಲಿಗೆ ಬಂದು ಸೇರುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ಡಿಸ್ಕ್ ಎನ್‌ಕ್ರಿಪ್ಟ್ ಆದಾಗ 48 ಅಂಕಿಗಳ ಒಂದು ರಿಕವರಿ ಕೀ ಹುಟ್ಟುತ್ತದೆ. ಆರಾರು ಅಂಕಿಗಳ ಎಂಟು ಗುಂಪು. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಆದರೂ, ಕಂಪ್ಯೂಟರಿಗೆ ಸಂಶಯ ಬಂದು ನೀಲಿ ಪರದೆಯಲ್ಲಿ ಈ 48 ಅಂಕಿಗಳನ್ನು ಕೇಳುತ್ತದೆ. ಅದು ಇಲ್ಲವೆಂದರೆ ಡಿಸ್ಕಿನಲ್ಲಿದ್ದದ್ದು ಹೋದಂತೆಯೇ. ಕಂಪನಿಯೂ ತೆಗೆದುಕೊಡಲಾರದು, ಅಂಗಡಿಯವರೂ ಕೊಡಲಾರರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಸರಿಪಡಿಸುವ ವಿಧಾನ ಸರಳವಾಗಿಯೇ ಇತ್ತು. ಆದರೆ ಬಿಟ್‌ಲಾಕರ್ ಇದ್ದ ಕಡೆಯಲ್ಲೆಲ್ಲ ಮೊದಲು ಈ ಕೀಲಿಯನ್ನು ಹುಡುಕಬೇಕಾಗಿ ಬಂದು ಕೆಲಸ ದಿನಗಟ್ಟಲೆ ಎಳೆಯಿತು.

ತಾನಾಗಿ ಹುಟ್ಟಿದ ಕೀಲಿಯು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಾರ ಖಾತೆಯಲ್ಲಿ ಎಂಬುದೇ ನಮ್ಮ ಕಡೆಯ ಮನೆಗಳ ತೊಡಕು. ಲ್ಯಾಪ್‌ಟಾಪ್ ಕೊಂಡ ದಿನ ಅದನ್ನು ಸಿದ್ಧಪಡಿಸಿದ್ದು ಬೆಂಗಳೂರಿನಲ್ಲಿರುವ ಮಗನೋ, ಅಳಿಯನೋ, ಅಂಗಡಿಯ ಹುಡುಗನೋ ಆಗಿರುತ್ತಾನೆ. ತಕ್ಷಣಕ್ಕೆ ಅವನದೇ ಇಮೇಲ್ ಕೊಟ್ಟಿರುತ್ತಾನೆ, ಅಥವಾ ಆ ಹೊತ್ತಿಗೆ ಹೊಸದೊಂದನ್ನು ತೆರೆದು ಆಮೇಲೆ ಇಬ್ಬರೂ ಮರೆತಿರುತ್ತಾರೆ. ಹಾಗಾಗಿ ಇಂದೇ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ ಯಾವ ಇಮೇಲ್ ಇದೆ ನೋಡಿಕೊಳ್ಳಿ. ಆ ಖಾತೆಗೆ ಬ್ರೌಸರಿನಲ್ಲಿ ಹೋಗಿ ಡಿವೈಸಸ್ ಅಡಿಯಲ್ಲಿ ರಿಕವರಿ ಕೀ ತೆರೆಯಿರಿ. 48 ಅಂಕಿಗಳನ್ನೂ ಅದರ ಜೊತೆಗಿರುವ ಗುರುತಿನ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದು, ಮನೆಯ ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಒಂದು ಪ್ರತಿ ಮನೆಯ ಕಾಗದಪತ್ರಗಳ ಜೊತೆ, ಇನ್ನೊಂದು ಬೇರೆ ಊರಿನ ನಂಬಿಕೆಯ ನೆಂಟರ ಮನೆಯಲ್ಲಿ ಇರಲಿ. ಮಲೆನಾಡಿನ ಮಳೆಗೆ ಕಾಗದ ಮೆತ್ತಗಾಗುತ್ತದೆ, ಶಾಯಿ ಹರಡುತ್ತದೆ. ಲ್ಯಾಮಿನೇಟ್ ಮಾಡಿಸಲೆಂದು ಜೆರಾಕ್ಸ್ ಅಂಗಡಿಯವರ ಕೈಗೆ ಕೊಡುವ ಬದಲು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿಡುವುದು ಲೇಸು. ಈ ಕೀಲಿಯ ಫೋಟೊ ತೆಗೆದು ಅದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡರೆ ಪ್ರಯೋಜನವಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಿಮ್ಮ ಕಡತಗಳಲ್ಲಿ ಎಲ್ಲಕ್ಕೂ ಒಂದೇ ಎಚ್ಚರಿಕೆ ಬೇಕಾಗಿಲ್ಲ. ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು, ಅದನ್ನು ಬಚ್ಚಿಡುವ ಶ್ರಮ ಬೇಡ. ಕ್ರಯಪತ್ರ ಹಾಗಲ್ಲ. ಅದರಲ್ಲಿ ಆಧಾರ್ ಸಂಖ್ಯೆ, ಹೆಬ್ಬೆರಳಿನ ಗುರುತು ಎರಡೂ ಇರಬಹುದು. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಬೆರಳಚ್ಚಿನ ನಕಲು ಬಳಸಿ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ದೂರುಗಳು ನಮ್ಮ ರಾಜ್ಯದಲ್ಲಿ ಬಂದಿದ್ದವು. ಉಯಿಲು, ಬ್ಯಾಂಕ್ ವಿವರ, ವೈದ್ಯಕೀಯ ವರದಿಗಳೂ ಬೀಗದೊಳಗೆ ಇರಬೇಕಾದವೇ.

ಅಜ್ಜನ ಮುಳುಗಡೆ ಕಾಗದಗಳ ಬಗ್ಗೆ ಮಾತ್ರ ನಾನು ಬೇರೆ ರೀತಿ ಯೋಚಿಸುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ನೀರಿನಡಿಗೆ ಹೋದ ಮೇಲೆ, ಸಾಗರ–ಹೊಸನಗರದ ಎಷ್ಟೋ ಕುಟುಂಬಗಳು ಇಂದಿಗೂ ತಮ್ಮ ಜಮೀನಿನ ಹಕ್ಕಿಗಾಗಿ ಹೋರಾಡುತ್ತಿವೆ. ಆ ಕಾಗದಗಳನ್ನು ಯಾರಾದರೂ ನೋಡಿಬಿಟ್ಟಾರು ಎಂಬುದು ಅಲ್ಲಿರುವ ಭಯವಲ್ಲ, ಕಳೆದುಹೋದಾವು ಎಂಬುದು ಭಯ. ಅಂಥವಕ್ಕೆ ಮೂರು ಕಡೆ ಪ್ರತಿ ಇಡಿ. ಅದರಲ್ಲಿ ಒಂದಾದರೂ ಎನ್‌ಕ್ರಿಪ್ಟ್ ಆಗದೆ ಇರಲಿ, ಮೂಲ ಕಾಗದ ಯಾವ ಸ್ಥಿತಿಯಲ್ಲಿದ್ದರೂ ಎಸೆಯಬೇಡಿ.

ಪ್ರತಿ ಇಡುವುದೆಂದರೆ ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಬಂದವು. ಬಸ್ಸಿನಲ್ಲಿ, ಅಂಗಿಯ ಜೇಬಿನಲ್ಲಿ ಕಳೆಯುವುದು ಇವೇ. ಹೋಮ್ ಆವೃತ್ತಿಯಲ್ಲಿ ಬಿಟ್‌ಲಾಕರ್ ಹಾಕಿದ ಪೆನ್‌ಡ್ರೈವನ್ನು ತೆರೆಯಬಹುದು, ಹೊಸದಾಗಿ ಬೀಗ ಹಾಕಲು ಬರುವುದಿಲ್ಲ. ಅದಕ್ಕೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವಿದೆ. ಹಿಂದೆ ಟ್ರೂಕ್ರಿಪ್ಟ್ ಎಂಬುದೊಂದಿತ್ತು, 2014ರ ಮೇ ತಿಂಗಳಲ್ಲಿ ಅದರ ತಯಾರಕರು ಕೈಬಿಟ್ಟರು. ಅದರ ಆಧಾರದ ಮೇಲೆ ಬೆಳೆದದ್ದು ವೆರಾಕ್ರಿಪ್ಟ್. ಇದರಲ್ಲಿ, ಉದಾಹರಣೆಗೆ, 5 ಜಿಬಿಯ ಒಂದು ಕಡತವನ್ನು ಮಾಡಿಕೊಳ್ಳುತ್ತೀರಿ. ಪಾಸ್‌ವರ್ಡ್ ಕೊಟ್ಟು ತೆರೆದಾಗ ಅದು ಹೊಸ ಡ್ರೈವಿನಂತೆ ಕಾಣುತ್ತದೆ, ಒಳಗೆ ಫೋಲ್ಡರುಗಳನ್ನು ಇಡಬಹುದು, ಮುಚ್ಚಿದಾಗ ಮತ್ತೆ ಅರ್ಥವಾಗದ ಒಂದೇ ಕಡತ. ಅದರ ಆರಂಭದ ಕೆಲವೇ ಭಾಗ ಹಾಳಾದರೂ ಪೂರ್ತಿ ತೆರೆಯದೆ ಹೋಗಬಹುದು. ಟೂಲ್ಸ್ ಪಟ್ಟಿಯಲ್ಲಿ ವಾಲ್ಯೂಮ್ ಹೆಡರಿನ ಪ್ರತಿ ತೆಗೆದಿಡುವ ಆಯ್ಕೆ ಇದೆ, ಅದನ್ನು ಮರೆಯಬೇಡಿ.

ವಕೀಲರಿಗೋ ಆಡಿಟರಿಗೋ ಒಂದೆರಡು ಕಡತ ಕಳಿಸುವುದಾದರೆ 7-ಜಿಪ್ ಸಾಕು. 7ಝಡ್ ರೂಪವನ್ನು ಆರಿಸಿ ಪಾಸ್‌ವರ್ಡ್ ಕೊಡಿ, ಕಡತಗಳ ಹೆಸರನ್ನೂ ಮುಚ್ಚುವ ಗುರುತು ಹಾಕಿ. ಇಲ್ಲವಾದರೆ "ಅಪ್ಪನ ಉಯಿಲು" ಎಂಬ ಹೆಸರು ಹೊರಗೆ ಕಾಣುತ್ತಲೇ ಇರುತ್ತದೆ. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯದೆ ಫೋನಿನಲ್ಲಿ ಹೇಳಿ.

ಪಾಸ್‌ವರ್ಡ್ ಹೇಗಿರಬಾರದು ಎಂಬುದಕ್ಕೆ ಉದಾಹರಣೆ ನಿಮ್ಮ ಬಳಿಯೇ ಇದೆ. ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್ ಎನ್‌ಕ್ರಿಪ್ಟ್ ಆಗಿಯೇ ಬರುತ್ತದೆ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಕೋಟ್ಯಂತರ ಜನ ನೆನಪಿಡಲು ಸುಲಭವಾಗಲೆಂದು ಮಾಡಿದ್ದು ಸರಿಯೇ. ಆದರೆ ನಿಮ್ಮನ್ನು ಬಲ್ಲ ಊರಿನವರೆಲ್ಲರಿಗೂ ಅದು ಗೊತ್ತಿದ್ದಂತೆಯೇ. ನಿಮ್ಮ ಸ್ವಂತ ಕಡತಗಳಿಗೆ ಆ ಮಾದರಿ ಬೇಡ, ಮನೆಯ ದೇವರ ಹೆಸರೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳು ಒಳ್ಳೆಯವು. ಮನೆಯಲ್ಲಿ ನಿಘಂಟು ಇದ್ದರೆ ಕಣ್ಣುಮುಚ್ಚಿ ಆರು ಕಡೆ ಪುಟ ತೆರೆದು ಬೆರಳಿಟ್ಟ ಪದಗಳನ್ನು ಬರೆದುಕೊಳ್ಳಿ. ದಾಳ ಎಸೆದು 7776 ಪದಗಳ ಪಟ್ಟಿಯಿಂದ ಪದ ಆರಿಸುವ ಕ್ರಮವೊಂದಿದೆ. ಅದರಲ್ಲಿ ಆರು ಪದಗಳಿಗೆ ಬರುವ ಸಾಧ್ಯತೆಗಳ ಸಂಖ್ಯೆಗೆ 24 ಅಂಕಿ.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಕನ್ನಡ ಪದ ಆರಿಸಿ, ಆದರೆ ರೋಮನ್ ಅಕ್ಷರದಲ್ಲೇ ಒತ್ತಿ. ಕಂಪ್ಯೂಟರ್ ಆರಂಭವಾಗುವ ಹೊತ್ತಿನಲ್ಲಿ ಪಾಸ್‌ವರ್ಡ್ ಕೇಳಿದರೆ ಅಲ್ಲಿ ಕನ್ನಡದ ಕೀಲಿಮಣೆ ಇರುವುದಿಲ್ಲ. ರೋಮನ್‌ನಲ್ಲಿ ಬರೆಯುವಾಗ ತೋಟ ಎಂಬುದಕ್ಕೆ ಒಬ್ಬರು ಬರೀ ಟಿ ಹಾಕಿದರೆ ಇನ್ನೊಬ್ಬರು ಟಿ ಎಚ್ ಹಾಕುತ್ತಾರೆ, ದೀರ್ಘಕ್ಕೆ ಕೆಲವರು ಅಕ್ಷರವನ್ನು ಎರಡು ಸಲ ಒತ್ತುತ್ತಾರೆ. ನೀವೇ ಆರು ತಿಂಗಳ ಬಳಿಕ ಬೇರೆಯಾಗಿ ಬರೆಯಬಹುದು. ಹಾಗಾಗಿ ಕಾಗದದಲ್ಲಿ ಪದವನ್ನು ಕನ್ನಡದಲ್ಲಿ ಬರೆದು ಬಿಡದೆ, ಒತ್ತಿದ ರೋಮನ್ ಅಕ್ಷರಗಳನ್ನೇ ಒಂದೊಂದಾಗಿ ಬರೆದಿಡಿ.

ಇನ್ನು ರಿಪೇರಿ. ಎನ್‌ಕ್ರಿಪ್ಷನ್ ಕಾಯುವುದು ಆಫ್ ಆಗಿರುವ ಯಂತ್ರವನ್ನು. ನೀವು ಲಾಗಿನ್ ಆಗಿ ಕೆಲಸ ಮಾಡುತ್ತಿರುವಾಗ ಎಲ್ಲವೂ ತೆರೆದೇ ಇರುತ್ತದೆ, ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಬಿಟ್ಟಾಗಲೂ ಕೀಲಿ ಮೆಮೊರಿಯಲ್ಲಿ ಉಳಿದಿರುತ್ತದೆ. ಅಂಗಡಿಗೆ ಕೊಡುವಾಗ ಪೂರ್ತಿ ಶಟ್‌ಡೌನ್ ಮಾಡಿ ಕೊಡಿ. ಹಿಂಜ್ ಬದಲಿಸಲು ಪಾಸ್‌ವರ್ಡ್ ಬೇಕಾಗಿಲ್ಲ, ಪರದೆ ಬೆಳಗಿ ಲಾಗಿನ್ ಪುಟ ಕಂಡರೆ ಕೆಲಸ ಆದಂತೆ. ಚೀಟಿಯಲ್ಲಿ ಪಾಸ್‌ವರ್ಡ್ ಬರೆಯಿರಿ ಎಂದು ಅಭ್ಯಾಸಬಲದಿಂದ ಕೇಳಿದರೆ ವಿನಯದಿಂದ ಬೇಡವೆನ್ನಿ. ವೈರಸ್ ವಿಷಯದಲ್ಲೂ ಇದೇ ಮಿತಿ. 2017ರ ಮೇ ತಿಂಗಳ ವಾನಾಕ್ರೈ ನೆನಪಿರಬಹುದು. ಅದು ಇದೇ ಎನ್‌ಕ್ರಿಪ್ಷನ್ನನ್ನು ಬಳಸಿ ಜನರ ಕಡತಗಳಿಗೆ ತಾನೇ ಬೀಗ ಹಾಕಿ ಹಣ ಕೇಳುತ್ತಿತ್ತು. ನೀವು ಮೊದಲೇ ಹಾಕಿದ ಬೀಗದ ಮೇಲೂ ಅಂಥದ್ದು ಇನ್ನೊಂದು ಬೀಗ ಹಾಕಬಲ್ಲದು. ಅದಕ್ಕೆ ಉಪಾಯ ಬೇರೆ ಕಡೆ ಇಟ್ಟ ಪ್ರತಿಯೊಂದೇ.

ಇದೆಲ್ಲ ಕಾನೂನಿಗೆ ವಿರುದ್ಧವೇ ಎಂದು ಕೆಲವರು ಕೇಳುತ್ತಾರೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ನಿಮ್ಮ ಡಿಸ್ಕನ್ನು ನೀವು ಎನ್‌ಕ್ರಿಪ್ಟ್ ಮಾಡುವುದರಲ್ಲಿ ತಪ್ಪಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಅಲ್ಲಿ ಹೇಳಿದ ಕಾರಣಗಳಿಗಾಗಿ ಸರ್ಕಾರ ಅದನ್ನು ಬಿಡಿಸಿಕೊಡುವಂತೆ ಆದೇಶಿಸಬಹುದು. 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ತೀರ್ಪಿನಲ್ಲಿ, ತನಿಖೆಯ ವೇಳೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದಿತು. ಸಾಧನವನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು ಎಂದೂ ಅದೇ ತೀರ್ಪು ಹೇಳಿತು.

ಕೆಲಸ ಆರಂಭಿಸುವ ದಿನ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ಬ್ಯಾಟರಿ ತುಂಬಿರಲಿ, ಚಾರ್ಜರ್ ಜೋಡಿಸಿಯೇ ಇರಲಿ. ಡಿಸ್ಕಿನ ಗಾತ್ರ ನೋಡಿಕೊಂಡು ಕೆಲವು ಗಂಟೆ ಹಿಡಿಯಬಹುದು, ಆ ಹೊತ್ತಿನಲ್ಲಿ ನೀವು ಬೇರೆ ಕೆಲಸ ಮಾಡಿಕೊಂಡಿರಬಹುದು. ನಡುವೆ ಕರೆಂಟು ಹೋಗಿ ಲ್ಯಾಪ್‌ಟಾಪ್ ನಿಂತರೂ ವಿಂಡೋಸ್‌ನ ಎನ್‌ಕ್ರಿಪ್ಷನ್ ಮುಂದಿನ ಸಲ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಪೂರ್ತಿ ಮುಗಿದಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಕಂಡ ಮೇಲೆ, ಒಮ್ಮೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ ನೋಡಿ, ಆಮೇಲೆ ಸಾಗರದ ಬಸ್ಸು ಹತ್ತಿ.